ಮಂಡಿಚಿಪ್ಪಿನ ನೋವಿಗೆ ಮೆಷಿನ್ ಬೇಕಾ, ಬಸ್ಕಿ ಬೇಕಾ?

ಹತ್ತು ದಿನ ಕರೆಂಟ್ ಕೊಡಿಸಿಕೊಂಡು ಬಂದ ಮೇಲೂ ಮೆಟ್ಟಿಲಿಳಿಯುವಾಗ ನನ್ನ ಎಡ ಮಂಡಿ ಹಾಗೇ ಚುಚ್ಚುತ್ತಿತ್ತು. ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ದಿನವೂ ಒಂದೇ ಕ್ರಮ. ಮಂಚದ ಮೇಲೆ ಮಲಗಬೇಕು, ಮಂಡಿಯ ಸುತ್ತ ನಾಲ್ಕು ಪ್ಯಾಡ್ ಅಂಟಿಸುತ್ತಾರೆ, ಹದಿನೈದು ನಿಮಿಷ ಜುಂ ಅನ್ನುತ್ತದೆ, ಆಮೇಲೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಆಡಿಸುತ್ತಾರೆ, ಕೊನೆಗೆ ಬಿಸಿ ಶಾಖ. ಎದ್ದು ನಿಂತಾಗ ಹಿತವಾಗಿರುತ್ತಿತ್ತು. ಮನೆಗೆ ಬಂದು ಎರಡು ಮಹಡಿ ಹತ್ತಿ ಇಳಿದರೆ ಮತ್ತೆ ಅದೇ ನೋವು. ಹತ್ತನೇ ದಿನ, ದುಡ್ಡು ಕಟ್ಟುವ ಹೊತ್ತಿಗೆ, ಕೈಗೊಂದು ಜೆರಾಕ್ಸ್ ಹಾಳೆ ಕೊಟ್ಟರು. ಅದರಲ್ಲಿ ಆರು ಚಿತ್ರ. "ಇದನ್ನ ಮನೇಲಿ ಮಾಡ್ಕೊಳ್ಳಿ ಮೇಡಂ" ಅಂದರು. ಮಾಡಿ ತೋರಿಸಲಿಲ್ಲ, ನನ್ನಿಂದ ಮಾಡಿಸಿ ನೋಡಲೂ ಇಲ್ಲ. ಆ ಹಾಳೆ ನಾಲ್ಕು ತಿಂಗಳು ನನ್ನ ಬ್ಯಾಗಿನಲ್ಲೇ ಮಡಚಿಕೊಂಡಿತ್ತು.

ನನ್ನ ನೋವಿಗೆ ಇದ್ದ ಮದ್ದು ಆ ಹಾಳೆಯೊಳಗೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಹತ್ತು ದಿನ ನಾನು ದುಡ್ಡು ಕೊಟ್ಟಿದ್ದು ಬೇರೆಯದಕ್ಕೆ. ಇದು ನನ್ನೊಬ್ಬಳ ಕಥೆಯಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಎಲ್ಲೇ ಆಗಲಿ, ಮಂಡಿ ನೋವು ಅಂತ ಫಿಸಿಯೋಗೆ ಹೋದವರನ್ನು ಕೇಳಿ ನೋಡಿ, "ಎಷ್ಟು ದಿನ ಕರೆಂಟ್ ಇಟ್ರು?" ಅನ್ನುವುದೇ ಮೊದಲ ಮಾತು. ಏನು ವ್ಯಾಯಾಮ ಮಾಡಿಸಿದರು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವ ನೋವಿನ ಮಾತು ಆಡುತ್ತಿದ್ದೇವೆ ಅನ್ನುವುದು ಸ್ಪಷ್ಟವಾಗಲಿ. ಮಂಡಿ ನೋವು ಅಂದರೆ ಹತ್ತಾರು ಬಗೆ. ಇಲ್ಲಿ ಹೇಳುತ್ತಿರುವುದು ಮಂಡಿಯ ಮುಂಭಾಗದಲ್ಲಿ, ಚಿಪ್ಪಿನ ಸುತ್ತ ಅಥವಾ ಚಿಪ್ಪಿನ ಹಿಂದೆ ಬರುವ ನೋವು. ಬೆರಳಿಟ್ಟು ಇಲ್ಲೇ ಅಂತ ತೋರಿಸಲು ಆಗುವುದಿಲ್ಲ, ಅಂಗೈಯಿಂದ ಇಡೀ ಚಿಪ್ಪನ್ನೇ ಮುಚ್ಚಿ ತೋರಿಸುತ್ತೇವೆ. ಮೆಟ್ಟಿಲು ಹತ್ತುವಾಗ, ಅದಕ್ಕಿಂತ ಜಾಸ್ತಿ ಇಳಿಯುವಾಗ, ಕುಕ್ಕರುಗಾಲಲ್ಲಿ ಕೂತು ಏಳುವಾಗ, ಓಡುವಾಗ ಬರುತ್ತದೆ. ಇನ್ನೊಂದು ಗುರುತು, ಮಂಡಿ ಮಡಚಿ ತುಂಬಾ ಹೊತ್ತು ಕೂತರೆ ನೋವು. ಸಿನಿಮಾ ಥಿಯೇಟರಿನಲ್ಲಿ ಎರಡೂವರೆ ಗಂಟೆ ಕೂತು ಎದ್ದಾಗ ಮಂಡಿ ಹಿಡಿದುಕೊಳ್ಳುತ್ತದಲ್ಲ, ಅದನ್ನು ಡಾಕ್ಟರುಗಳು ಥಿಯೇಟರ್ ಸೈನ್ ಅಂತಲೇ ಕರೆಯುತ್ತಾರೆ. ಮೈಸೂರಿನಿಂದ ಬೆಂಗಳೂರಿಗೆ ಬಸ್ಸಿನ ಕಿಟಕಿ ಸೀಟಿನಲ್ಲಿ ಕಾಲು ಚಾಚಲಾಗದೆ ಬಂದವರಿಗೂ ಇದು ಚೆನ್ನಾಗಿ ಗೊತ್ತು. ವೈದ್ಯರ ಭಾಷೆಯಲ್ಲಿ ಇದರ ಹೆಸರು ಪ್ಯಾಟೆಲೋಫೆಮೊರಲ್ ಪೇನ್. ಪ್ಯಾಟೆಲ್ಲಾ ಅಂದರೆ ಮಂಡಿಚಿಪ್ಪು, ಫೀಮರ್ ಅಂದರೆ ತೊಡೆಮೂಳೆ, ಇವೆರಡು ಸೇರುವ ಜಾಗದ ನೋವು.

ಎಷ್ಟು ಜನರಿಗಿದೆ? 2018ರಲ್ಲಿ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕ ಅಂಕಿ ಹೀಗಿದೆ: ಒಂದು ವರ್ಷದೊಳಗೆ ಸಾಮಾನ್ಯ ಜನರಲ್ಲಿ ಶೇ. 22.7 ಮಂದಿಗೆ, ಹದಿಹರೆಯದವರಲ್ಲಿ ಶೇ. 28.9 ಮಂದಿಗೆ ಈ ನೋವು ಇತ್ತು. ಗಂಡಸರಿಗಿಂತ ಹೆಂಗಸರಿಗೆ ಬರುವುದು ಜಾಸ್ತಿ, ಅಮೆರಿಕದ ನೌಕಾಪಡೆಯ ತರಬೇತಿ ಶಾಲೆಯಲ್ಲಿ ನೋಡಿದಾಗ ಸುಮಾರು ಎರಡು ಪಟ್ಟು. ಮಂಡಿ ನೋವು ವಯಸ್ಸಾದವರ ಕಾಯಿಲೆ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ಈ ನೋವು ಹದಿನಾಲ್ಕು ವರ್ಷದ ಹುಡುಗಿಗೂ ಬರುತ್ತದೆ, ಮೂವತ್ತರ ಸಾಫ್ಟ್‌ವೇರ್ ಉದ್ಯೋಗಿಗೂ ಬರುತ್ತದೆ.

ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದು ಲೆಕ್ಕದಿಂದ ಶುರುಮಾಡಬೇಕು, ಯಾಕಂದರೆ ಈ ಲೆಕ್ಕ ಗೊತ್ತಾದಾಗಲೇ ನನಗೆ ನನ್ನ ನೋವು ಅರ್ಥವಾಗಿದ್ದು. 1972ರಲ್ಲಿ ರೈಲಿ ಮತ್ತು ಮಾರ್ಟೆನ್ಸ್ ಅನ್ನುವ ಇಬ್ಬರು ಚಿಪ್ಪಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಅಂತ ಲೆಕ್ಕ ಹಾಕಿದರು. ಸಮತಟ್ಟಾದ ನೆಲದಲ್ಲಿ ನಡೆದರೆ ನಮ್ಮ ತೂಕದ ಅರ್ಧದಷ್ಟು. ಮೆಟ್ಟಿಲಲ್ಲಿ ತೂಕದ 3.3 ಪಟ್ಟು. ಪೂರ್ತಿ ಬಗ್ಗಿ ಬಸ್ಕಿ ಹೊಡೆದರೆ ಏಳು ಪಟ್ಟಿಗೂ ಹೆಚ್ಚು. ಅಂದರೆ 60 ಕಿಲೋ ತೂಕದವರು ನಡೆಯುವಾಗ ಚಿಪ್ಪಿನ ಮೇಲೆ 30 ಕಿಲೋ, ಮೆಟ್ಟಿಲಲ್ಲಿ 200 ಕಿಲೋ ಹತ್ತಿರ, ಕುಕ್ಕರುಗಾಲಿನಲ್ಲಿ 450 ಕಿಲೋ ಆಸುಪಾಸು. ಇದನ್ನು ಓದಿ ಹೆದರಬೇಡಿ. ಮಂಡಿ ಇದಕ್ಕೇ ಇರುವುದು. ನಮ್ಮ ಅಜ್ಜಿಯರು ಕೂತೇ ರಾಗಿ ಬೀಸಿದರು, ಕೂತೇ ಪಾತ್ರೆ ತೊಳೆದರು, ಗದ್ದೆಯಲ್ಲಿ ದಿನಗಟ್ಟಲೆ ಕಳೆ ಕಿತ್ತರು. ಚಿಪ್ಪು ತಡೆದುಕೊಂಡಿತು, ಯಾಕಂದರೆ ಅವರ ಮಂಡಿಗೆ ಚಿಕ್ಕಂದಿನಿಂದ ಅಷ್ಟು ಭಾರದ ರೂಢಿ ಇತ್ತು. ತೊಂದರೆ ಬರುವುದು ರೂಢಿಗೂ ಭಾರಕ್ಕೂ ನಡುವೆ ಅಂತರ ಬಿದ್ದಾಗ. ಎರಡು ವರ್ಷ ಲ್ಯಾಪ್‌ಟಾಪ್ ಮುಂದೆ ಕೂತವರು ಗೆಳೆಯರ ಜೊತೆ ಒಂದು ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಇಳಿಯುವಾಗಲೂ ಮೆಟ್ಟಿಲಲ್ಲೇ ಇಳಿದರೆ ಸೋಮವಾರ ಏನಾಗುತ್ತದೆ? ಜಿಮ್ಮಿಗೆ ಸೇರಿದ ಮೊದಲ ವಾರವೇ ತೂಕ ಹೊತ್ತು ಬಸ್ಕಿ ಹೊಡೆದರೆ? ಜ್ವರ ಬಂದು ಒಂದು ತಿಂಗಳು ಮಲಗಿ ಎದ್ದವರು ಅಲ್ಲಿಗೇ ಹಳೆಯ ಕೆಲಸವೆಲ್ಲ ಒಟ್ಟಿಗೆ ಶುರುಮಾಡಿದರೆ? ನನ್ನ ವಿಷಯದಲ್ಲಿ ಆಗಿದ್ದು ಬೆಂಗಳೂರಿನ 10ಕೆ ಓಟ. ಹೆಸರು ಕೊಟ್ಟ ಉತ್ಸಾಹದಲ್ಲಿ ಮೂರೇ ವಾರದಲ್ಲಿ ಎರಡು ಕಿಲೋಮೀಟರಿನಿಂದ ಎಂಟಕ್ಕೆ ಹೋಗಿದ್ದೆ.

ಇನ್ನು "ಸವೆದಿದೆ" ಅನ್ನುವ ಮಾತು. ನಮ್ಮಲ್ಲಿ ಮಂಡಿ ನೋವಿಗೆ ಬಳಸುವ ಪದಗಳಲ್ಲಿ ಇದರಷ್ಟು ಕೆಟ್ಟದ್ದು ಮಾಡಿದ ಪದ ಇನ್ನೊಂದಿಲ್ಲ ಅನ್ನಿಸುತ್ತದೆ. ಚಿಪ್ಪಿನ ಒಳಬದಿಗೆ ಕಾರ್ಟಿಲೇಜ್ ಅನ್ನುವ ನುಣುಪಾದ ಹೊದಿಕೆ ಇರುತ್ತದೆ. ಸ್ಕ್ಯಾನಿನಲ್ಲಿ ಅದು ಸ್ವಲ್ಪ ಮೆತ್ತಗಾದಂತೆ, ಒರಟಾದಂತೆ ಕಂಡರೆ ಕಾಂಡ್ರೋಮಲೇಶಿಯಾ ಅಂತ ಬರೆಯುತ್ತಾರೆ. ರಿಪೋರ್ಟಿನಲ್ಲಿ ಆ ಪದ ನೋಡಿದವರು ಮಂಡಿ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಇಂಥ ಬದಲಾವಣೆ ಸಿಗುತ್ತದೆ, ತುಂಬಾ ನೋವಿರುವವರ ಸ್ಕ್ಯಾನ್ ನುಣ್ಣಗೆ ಇರುವುದೂ ಉಂಟು. ಕಾರ್ಟಿಲೇಜಿಗೆ ನೋವು ತಿಳಿಸುವ ನರಗಳೇ ಇಲ್ಲ.

ಇದನ್ನು ತಮ್ಮ ಮೈಮೇಲೇ ನೋಡಿಕೊಂಡವರೊಬ್ಬರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಮೂಳೆ ಸರ್ಜನ್ ಸ್ಕಾಟ್ ಡೈ, ತಮ್ಮದೇ ಮಂಡಿಯೊಳಗೆ ಮರಗಟ್ಟುವ ಔಷಧಿ ಹಾಕಿಸಿಕೊಳ್ಳದೆ, ಚರ್ಮಕ್ಕೆ ಮಾತ್ರ ಇಂಜೆಕ್ಷನ್ ತೆಗೆದುಕೊಂಡು, ಎಚ್ಚರವಾಗಿದ್ದುಕೊಂಡೇ ಒಳಗಿನ ಒಂದೊಂದು ಭಾಗವನ್ನೂ ಸಹೋದ್ಯೋಗಿಯಿಂದ ಮುಟ್ಟಿಸಿ, ಎಲ್ಲಿ ನೋವು ಎಲ್ಲಿ ಇಲ್ಲ ಅಂತ ನಕ್ಷೆ ಮಾಡಿಸಿದರು. 1998ರಲ್ಲಿ ಅದು ಪ್ರಕಟವಾಯಿತು. ಚಿಪ್ಪಿನ ಕಾರ್ಟಿಲೇಜನ್ನು ಗಟ್ಟಿಯಾಗಿ ಒತ್ತಿದರೂ ಅವರಿಗೆ ಏನೂ ಅನ್ನಿಸಲಿಲ್ಲ. ಅದೇ ಚಿಪ್ಪಿನ ಕೆಳಗಿರುವ ಕೊಬ್ಬಿನ ಗಂಟನ್ನು, ಕೀಲಿನ ಒಳಪೊರೆಯನ್ನು ಮುಟ್ಟಿದಾಗ ಜೋರು ನೋವು. ಒಬ್ಬರ ಮಂಡಿಯಿಂದ ಎಲ್ಲವನ್ನೂ ತೀರ್ಮಾನಿಸಲು ಬರುವುದಿಲ್ಲ ನಿಜ. ಆದರೂ ಸವೆತವೇ ನೋವು ಅನ್ನುವ ಸರಳ ಲೆಕ್ಕ ಯಾಕೆ ಕೂಡಿಬರುವುದಿಲ್ಲ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಮಂಡಿಯಲ್ಲಿ ಕಟಕಟ ಸದ್ದು ಬರುವುದೂ ಹೀಗೇ. ಸದ್ದಿನ ಜೊತೆ ಊತ ಇಲ್ಲ, ಸಿಕ್ಕಿಹಾಕಿಕೊಳ್ಳುವುದಿಲ್ಲ ಅಂದರೆ ಅದರ ಬಗ್ಗೆ ಚಿಂತೆ ಬೇಡ.

ಫಿಸಿಯೋಥೆರಪಿಯ ವಿಚಾರಕ್ಕೆ ಬರೋಣ. ಈ ನೋವಿಗೆ ಏನು ಮಾಡಬೇಕು ಅನ್ನುವ ತಿಳಿವಳಿಕೆ ನಲವತ್ತು ವರ್ಷಗಳಲ್ಲಿ ಮೂರು ಸಲ ಮಗ್ಗುಲು ಬದಲಿಸಿದೆ. 1986ರಲ್ಲಿ ಆಸ್ಟ್ರೇಲಿಯಾದ ಫಿಸಿಯೋ ಜೆನ್ನಿ ಮೆಕ್‌ಕಾನೆಲ್ ಒಂದು ವಿಧಾನ ಬರೆದರು. ಚಿಪ್ಪು ತನ್ನ ಹಾದಿ ಬಿಟ್ಟು ಹೊರಕ್ಕೆ ಜಾರುತ್ತದೆ, ಅದನ್ನು ಚರ್ಮದ ಮೇಲೆ ಅಂಟುವ ಟೇಪ್ ಹಚ್ಚಿ ಒಳಕ್ಕೆ ಎಳೆಯಬೇಕು, ತೊಡೆಯ ಒಳಬದಿಯ ಸ್ನಾಯುವನ್ನು ಬಲಪಡಿಸಬೇಕು ಅನ್ನುವುದು ಅದರ ತಿರುಳು. ಆ ಟೇಪ್ ಇವತ್ತಿಗೂ ಅವರ ಹೆಸರಲ್ಲೇ ಓಡುತ್ತಿದೆ. ಆ ಒಳಬದಿಯ ಸ್ನಾಯುವೊಂದನ್ನೇ ಬೇರೆ ಮಾಡಿ ಬೆಳೆಸಲು ಆಗುವುದಿಲ್ಲ, ತೊಡೆಯ ಮುಂಭಾಗ ಇಡಿಯಾಗಿ ಕೆಲಸ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. 2000ದ ನಂತರ ಎಲ್ಲರ ಕಣ್ಣು ಸೊಂಟದ ಕಡೆ ತಿರುಗಿತು. ಪಿರ್ರೆಯ ಸ್ನಾಯುಗಳು ಸೋತರೆ ತೊಡೆಮೂಳೆ ಒಳಕ್ಕೆ ತಿರುಗುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ, ಚಿಪ್ಪಿನ ಕೆಳಗೆ ಒತ್ತಡ ಒಂದೇ ಕಡೆ ಬೀಳುತ್ತದೆ ಅಂತ. ಇದರಿಂದ ಒಳ್ಳೆಯದಾಯಿತು, ಸೊಂಟ ಮತ್ತು ತೊಡೆ ಎರಡಕ್ಕೂ ವ್ಯಾಯಾಮ ಕೊಟ್ಟರೆ ನೋವು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಸಿಕ್ಕಿತು.

ಮೂರನೆಯ ತಿರುವು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನಾರ್ವೆಯಲ್ಲಿ 112 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸೊಂಟದ ವ್ಯಾಯಾಮ, ಇನ್ನೊಂದಕ್ಕೆ ಮಂಡಿಯ ವ್ಯಾಯಾಮ, ಮೂರನೆಯದಕ್ಕೆ ತಮಗೆ ಇಷ್ಟವಾದ ಚಟುವಟಿಕೆ. ಮೂರು ಗುಂಪಿಗೂ ನೋವಿನ ಬಗ್ಗೆ ತಿಳಿಸಿ ಹೇಳಿದ್ದರು. 2019ರಲ್ಲಿ ಬಂದ ಫಲಿತಾಂಶ ನೋಡಿದರೆ, ಮೂರು ತಿಂಗಳಾದಾಗ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ. ಕೆನಡಾದ ಕ್ವಿಬೆಕ್‌ನಲ್ಲಿ 69 ಓಟಗಾರರ ಮೇಲೆ ನಡೆದ ಅಧ್ಯಯನದಲ್ಲೂ ಹಾಗೇ. ಎಲ್ಲರಿಗೂ ಓಟದ ಭಾರವನ್ನು ಹೇಗೆ ನಿಭಾಯಿಸಬೇಕು ಅಂತ ಕಲಿಸಿದರು. ಕೆಲವರಿಗೆ ಅದರ ಜೊತೆ ವ್ಯಾಯಾಮ, ಕೆಲವರಿಗೆ ಓಡುವ ರೀತಿ ತಿದ್ದುವುದು, ಉಳಿದವರಿಗೆ ಬರೀ ತಿಳಿವಳಿಕೆ. ಇಪ್ಪತ್ತು ವಾರದ ಕೊನೆಗೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ವ್ಯಾಯಾಮ ಬೇಡ ಅಂತಲಾ? ನಾನು ಅದನ್ನು ಹಾಗೆ ಓದುವುದಿಲ್ಲ. ಮಂಡಿಗೆ ಬೀಳುವ ಭಾರವನ್ನು ಮೊದಲು ತಗ್ಗಿಸಿ, ಆಮೇಲೆ ಮೆಲ್ಲಗೆ ಏರಿಸುತ್ತಾ ಹೋಗುವ ಯಾವ ದಾರಿಯಾದರೂ ಕೆಲಸ ಮಾಡುತ್ತದೆ. ವ್ಯಾಯಾಮ ಅನ್ನುವುದು ಆ ಏರಿಕೆಯನ್ನು ಅಳತೆ ಮಾಡಿ ಕೊಡುವ ರೀತಿ. ಮೂರೂ ಗುಂಪಿನವರು ತಾವೇ ಕಾಲೂರಿ ಏನನ್ನೋ ಮಾಡಿದವರು, ಮಂಚದ ಮೇಲೆ ಮಲಗಿ ಮಾಡಿಸಿಕೊಂಡವರು ಅದರಲ್ಲಿರಲಿಲ್ಲ.

ಮೆಷಿನ್ ಬಗ್ಗೆ ನೇರವಾಗಿಯೇ ಹೇಳಬೇಕು. 2019ರಲ್ಲಿ ಅಮೆರಿಕದ ಫಿಸಿಯೋಗಳ ಸಂಘದ ಮೂಳೆ-ಕೀಲು ವಿಭಾಗ ಈ ನೋವಿಗೆಂದೇ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಅಲ್ಟ್ರಾಸೌಂಡ್, ಕರೆಂಟ್, ಲೇಸರ್, ಐಸ್ ಇವನ್ನು ಈ ನೋವಿಗೆ ಬಳಸಬಾರದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಸೂಜಿ ಚುಚ್ಚುವ ಡ್ರೈ ನೀಡ್ಲಿಂಗ್ ಬೇಡ. ಕೀಲು ಎಳೆದು ಒತ್ತಿ ಮಾಡುವ ಚಿಕಿತ್ಸೆಯನ್ನು ಒಂದನ್ನೇ ಮಾಡಬಾರದು. ಅಂಗಡಿಯಲ್ಲಿ ಸಿಗುವ ನೀ ಕ್ಯಾಪ್, ಪಟ್ಟಿ ಕೂಡ ಬರೆದುಕೊಡಬಾರದು. ಬೇಕಿರುವುದು ಸೊಂಟ ಮತ್ತು ಮಂಡಿ ಎರಡಕ್ಕೂ ವ್ಯಾಯಾಮ, ನೋವು ಜಾಸ್ತಿ ಇದ್ದಾಗ ಸೊಂಟದಿಂದ ಶುರು. ಹಿಂದಿನ ವರ್ಷ, 2018ರಲ್ಲಿ, ಈ ವಿಷಯದ ತಜ್ಞರು ಬೇರೆ ಬೇರೆ ದೇಶಗಳಿಂದ ಒಟ್ಟು ಸೇರಿ ಹೇಳಿದ್ದೂ ಇದನ್ನೇ.

ಹಾಗಿದ್ದರೂ ನಮ್ಮಲ್ಲಿ ಕರೆಂಟೇ ಯಾಕೆ ನಡೆಯುತ್ತಿದೆ? ಫಿಸಿಯೋಗಳಿಗೆ ಗೊತ್ತಿಲ್ಲ ಅಂದುಕೊಂಡರೆ ತಪ್ಪು, ಅವರಲ್ಲಿ ಬಹಳಷ್ಟು ಜನರಿಗೆ ಚೆನ್ನಾಗಿ ಗೊತ್ತು. ಹಣ ಬರುವ ರೀತಿಯೇ ಹಾಗಿದೆ. ದುಡ್ಡು ಸಿಟಿಂಗ್ ಲೆಕ್ಕದಲ್ಲಿ, ಒಂದು ಸಿಟಿಂಗಿಗೆ ಇಷ್ಟು. ಮೆಷಿನ್ ಹಚ್ಚಿದರೆ ಒಬ್ಬ ಫಿಸಿಯೋ ಒಂದೇ ಗಂಟೆಯಲ್ಲಿ ನಾಲ್ಕೈದು ಜನರನ್ನು ನೋಡಬಹುದು. ವ್ಯಾಯಾಮ ಕಲಿಸಬೇಕಾದರೆ ಒಬ್ಬರ ಪಕ್ಕ ಅರ್ಧ ಗಂಟೆ ನಿಲ್ಲಬೇಕು, ಮಂಡಿ ಎತ್ತ ವಾಲುತ್ತಿದೆ ನೋಡಬೇಕು, ಮಾತಾಡಬೇಕು. ಅದಕ್ಕೆ ಯಾರೂ ಬೇರೆ ದುಡ್ಡು ಕೊಡುವುದಿಲ್ಲ. ನಾವೂ ಅಷ್ಟೇ. "ಕರೆಂಟೂ ಇಡ್ಲಿಲ್ಲ, ಸುಮ್ನೆ ಎದ್ದು ಕೂರು ಅಂದ್ರು, ಅದಕ್ಕೆ ಐನೂರು ರೂಪಾಯಿ" ಅಂತ ಗೊಣಗುತ್ತೇವೆ. ಶಾಖ ಕೊಟ್ಟಾಗ ಹಿತವಾಗುತ್ತದೆ ಅನ್ನುವುದು ಸುಳ್ಳಲ್ಲ, ನನಗೂ ಆಯಿತು. ಆ ಹಿತ ಒಂದೆರಡು ಗಂಟೆಯದು, ಮತ್ತು ಆ ಹಿತದಲ್ಲೇ ಹತ್ತು ದಿನ, ಹದಿನೈದು ದಿನ ಕಳೆದುಹೋಗುತ್ತದೆ, ಜೇಬೂ ಖಾಲಿಯಾಗುತ್ತದೆ, ಅಲ್ಲಿಗೆ ಫಿಸಿಯೋ ಮಾಡಿಸಿದೆ, ಏನೂ ಆಗಲಿಲ್ಲ ಅನ್ನುವ ತೀರ್ಮಾನಕ್ಕೆ ಬರುತ್ತೇವೆ. ಫಿಸಿಯೋ ಶುರುವೇ ಆಗಿರುವುದಿಲ್ಲ.

2021ರಲ್ಲಿ ಫಿಸಿಯೋಥೆರಪಿಯೂ ಸೇರಿದಂತೆ ಹಲವು ಆರೋಗ್ಯ ವೃತ್ತಿಗಳಿಗೆ ಒಂದು ರಾಷ್ಟ್ರೀಯ ಆಯೋಗ ರಚಿಸುವ ಕಾನೂನು ಬಂತು. 2025ರ ಸೆಪ್ಟೆಂಬರಿನಲ್ಲಿ ಫಿಸಿಯೋಗಳು ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕಿಕೊಳ್ಳಬಾರದು ಅಂತ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯದಿಂದ ಪತ್ರ ಹೊರಟು, ಕೂಡಲೇ ಅದನ್ನು ಹಿಂದಕ್ಕೆ ಪಡೆದ ಗಲಾಟೆ ನೆನಪಿರಬಹುದು. ವಾರವಿಡೀ ಬೋರ್ಡಿನ ಮೇಲಿನ ಹೆಸರಿನ ಬಗ್ಗೆ ಚರ್ಚೆಯಾಯಿತು. ಪರದೆಯ ಹಿಂದೆ, ಮಂಚದ ಮೇಲೆ, ರೋಗಿಗೆ ಏನು ಸಿಗುತ್ತಿದೆ ಅನ್ನುವ ಚರ್ಚೆಯೂ ಅಷ್ಟೇ ಜೋರಾಗಿ ಆಗಬೇಕಿತ್ತು ಅಂತ ನನಗೆ ತುಂಬಾ ಅನ್ನಿಸಿತು.

ನನ್ನ ಎರಡನೆಯ ಫಿಸಿಯೋ ಮೊದಲ ದಿನ ಯಾವ ಮೆಷಿನ್ನನ್ನೂ ಮುಟ್ಟಲಿಲ್ಲ. ಒಂದು ಗಿಡ್ಡ ಮೆಟ್ಟಿಲಿಂದ ಮೆಲ್ಲಗೆ ಇಳಿಯಲು ಹೇಳಿ ಎದುರು ನಿಂತು ನೋಡಿದರು. "ನೋವು ಶುರುವಾಗೋ ಮುಂಚೆ ಜೀವನದಲ್ಲಿ ಏನು ಬದಲಾಯ್ತು?" ಅಂತ ಕೇಳಿದರು. ಯಾರೂ ಕೇಳಿರದ ಪ್ರಶ್ನೆ. ಓಟದ ಕಥೆ ಹೇಳಿದೆ. ಅವರು ಕೊಟ್ಟಿದ್ದು ನಾಲ್ಕೇ ವ್ಯಾಯಾಮ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿಟ್ಟು ಎತ್ತುವುದು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು. ಕುರ್ಚಿಯಿಂದ ಕೈ ಊರದೆ ಎದ್ದು, ಮೂರು ಎಣಿಸುತ್ತಾ ಮೆಲ್ಲಗೆ ಕೂರುವುದು, ಅಂದರೆ ಅರ್ಧ ಬಸ್ಕಿ. ಕೊನೆಗೆ ಗಿಡ್ಡ ಮೆಟ್ಟಿಲು ಹತ್ತಿ ಇಳಿಯುವುದು. ವಾರಕ್ಕೆ ಮೂರು ದಿನ, ಒಂದೊಂದೂ ಹತ್ತು ಹನ್ನೆರಡರಂತೆ ಮೂರು ಸುತ್ತು. ಸುಲಭವಾದ ವಾರ ಭಾರ ಹೆಚ್ಚಿಸಬೇಕು. ಕಾಲಿಗೆ ರಬ್ಬರ್ ಬ್ಯಾಂಡ್, ಕೈಗೆ ನೀರಿನ ಬಾಟಲಿ, ಆಮೇಲೆ ಅಕ್ಕಿ ತುಂಬಿದ ಚೀಲ. ಇಲ್ಲೇ ಬಹಳ ಜನ ಎಡವುತ್ತಾರೆ. ಹಾಳೆಯಲ್ಲಿದ್ದದ್ದನ್ನೇ ಮೂರು ತಿಂಗಳು ಅದೇ ಲೆಕ್ಕದಲ್ಲಿ ಮಾಡುತ್ತಾರೆ. ಹನ್ನೆರಡನೆಯ ಸಲಕ್ಕೆ ತೊಡೆ ನಡುಗದಿದ್ದರೆ ಸ್ನಾಯು ಬಲಿಯುವುದು ಹೇಗೆ?

ನೋವಿನ ಬಗ್ಗೆ ಅವರು ಕೊಟ್ಟ ಒಂದು ನಿಯಮ ನನ್ನ ಭಯವನ್ನೇ ಕಳೆಯಿತು. ಸೊನ್ನೆಯಿಂದ ಹತ್ತರವರೆಗೆ ಎಣಿಸಿದರೆ ವ್ಯಾಯಾಮದಲ್ಲಿ ಎರಡು, ಹೆಚ್ಚೆಂದರೆ ಮೂರರಷ್ಟು ನೋವು ಇರಬಹುದು. ಮರುದಿನ ಬೆಳಗ್ಗೆ ಅದು ಮೊದಲಿದ್ದಷ್ಟಕ್ಕೇ ಇಳಿದಿದ್ದರೆ ನೀವು ಮಾಡಿದ್ದು ಸರಿಯಾಗಿದೆ. ಬೆಳಗ್ಗೆಯೂ ಜಾಸ್ತಿ ಇದ್ದರೆ ಮುಂದಿನ ಸಲ ಸ್ವಲ್ಪ ಕಡಿಮೆ ಮಾಡಿ, ನಿಲ್ಲಿಸಬೇಡಿ. ನೋವು ಬಂತು ಅಂದರೆ ಏನೋ ಹರಿಯಿತು ಅಂತ ನಾವು ಅಂದುಕೊಳ್ಳುತ್ತೇವಲ್ಲ, ಆ ಭಯವೇ ಎಷ್ಟೋ ಜನರನ್ನು ಮಂಚಕ್ಕೆ ಕಟ್ಟಿಹಾಕಿದೆ. ಎರಡು ವಾರಕ್ಕೆ ಏನೂ ಗೊತ್ತಾಗುವುದಿಲ್ಲ ಅನ್ನುವುದನ್ನೂ ಮೊದಲೇ ಹೇಳಿದ್ದರು. ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ನನಗೆ ಒಂಬತ್ತನೇ ವಾರದಲ್ಲಿ ಒಂದು ದಿನ ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ, ಅರೆ, ನೋವಾಗಲೇ ಇಲ್ಲವಲ್ಲ ಅಂತ ಹೊಳೆಯಿತು.

ಟೇಪ್, ಶೂ ಒಳಗೆ ಹಾಕಿಕೊಳ್ಳುವ ಇನ್ಸೋಲ್ ಇವೆಲ್ಲ ಬೇಡವೇ ಬೇಡ ಅಂತಲ್ಲ. ಟೇಪ್ ಹಚ್ಚಿದ ಕೂಡಲೇ ಕೆಲವರಿಗೆ ಮೆಟ್ಟಿಲು ಹಗುರವಾಗುತ್ತದೆ, ವ್ಯಾಯಾಮ ಮಾಡಲು ಧೈರ್ಯ ಬರುತ್ತದೆ. ಅಮೆರಿಕದ ಫಿಸಿಯೋಗಳ ಅದೇ ಮಾರ್ಗಸೂಚಿ ವ್ಯಾಯಾಮದ ಜೊತೆಗೆ ನಾಲ್ಕು ವಾರದವರೆಗೆ ಅದನ್ನು ಬಳಸಬಹುದು ಅನ್ನುತ್ತದೆ. ಪಾದ ಒಳಕ್ಕೆ ಜಾಸ್ತಿ ವಾಲುವವರಿಗೆ ಸಿದ್ಧ ಇನ್ಸೋಲ್ ಆರು ವಾರದವರೆಗೆ. ಓಡುವವರು ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ ಹೆಜ್ಜೆಗಳನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೆ ಚಿಪ್ಪಿನ ಮೇಲಿನ ಒತ್ತಡ ಇಳಿಯುತ್ತದೆ. ನಿಮಿಷಕ್ಕೆ 160 ಹೆಜ್ಜೆ ಹಾಕುವವರು 170ರ ಹತ್ತಿರ ಹೋದರೆ ಸಾಕು. ಇದಕ್ಕೆ ದುಡ್ಡೂ ಬೇಡ.

ನಮ್ಮ ನೆಲಕ್ಕೇ ಸೇರಿದ ಒಂದು ಮಾತಿದೆ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಂಡಿ ನೋವು ಅಂದ ಕೂಡಲೇ ಸಿಗುವ ಸಲಹೆ ಯಾವುದು? ಕೆಳಗೆ ಕೂರಬೇಡಿ, ಮೆಟ್ಟಿಲು ಹತ್ತಬೇಡಿ, ಇಂಡಿಯನ್ ಟಾಯ್ಲೆಟ್ ಬಳಸಬೇಡಿ, ವಜ್ರಾಸನ ಮಾಡಬೇಡಿ. ನೋವು ಕೆರಳಿರುವ ಎರಡು ಮೂರು ವಾರಕ್ಕೆ ಇದು ಸರಿಯಾದ ಮಾತು. ಪೂರ್ತಿ ಮಡಚಿದ ಮಂಡಿಯಲ್ಲಿ ಒತ್ತಡ ಜಾಸ್ತಿ ಅಂತ ಮೇಲೆಯೇ ನೋಡಿದೆವು. ಆದರೆ ಈ ಸಲಹೆಗೆ ಕೊನೆಯ ದಿನಾಂಕವನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಮೂವತ್ತೈದರ ಹೆಂಗಸು ಜೀವನಪೂರ್ತಿ ನೆಲಕ್ಕೆ ಕೂರುವುದನ್ನು ಬಿಡುತ್ತಾಳೆ, ಕೂರದೆ ಕೂರದೆ ತೊಡೆ ಸೋಲುತ್ತದೆ, ಸೋತ ತೊಡೆಯಿಂದ ಮೆಟ್ಟಿಲೂ ಕಷ್ಟವಾಗುತ್ತದೆ, ಆಗ ನೋಡಿದೆಯಾ ಮಂಡಿ ಸವೆದಿದೆ ಅನ್ನುತ್ತಾರೆ. ಹಳ್ಳಿಯಲ್ಲಿ ಕಳೆ ಕೀಳುವ, ನಾಟಿ ಮಾಡುವ ಹೆಂಗಸಿಗಂತೂ ಕೂರಬೇಡ ಅನ್ನುವುದು ದುಡಿಯಬೇಡ ಅಂದಂತೆ. ಅವಳಿಗೆ ಬೇರೆ ರೀತಿಯ ಸಲಹೆ ಬೇಕು. ಒಂದೇ ಸಮನೆ ಎರಡು ಗಂಟೆ ಕೂರುವ ಬದಲು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಮನೆಯಲ್ಲಿ ಪಾತ್ರೆ ತೊಳೆಯುವಾಗ ಎತ್ತರದ ಮಣೆ ಹಾಕಿಕೊಳ್ಳುವುದು, ಒಂದು ಮಂಡಿ ಊರಿ ಇನ್ನೊಂದು ಮಡಚಿ ಕೂರುವುದು, ಬದಲಾಯಿಸುತ್ತಿರುವುದು. ಜೊತೆಗೆ ಕುರ್ಚಿಯ ಎತ್ತರದಿಂದ ಸ್ಟೂಲಿಗೆ, ಸ್ಟೂಲಿಂದ ಮಣೆಗೆ, ಮಣೆಯಿಂದ ನೆಲಕ್ಕೆ, ವಾರ ವಾರಕ್ಕೆ ಇಳಿಯುತ್ತಾ ಕುಕ್ಕರುಗಾಲನ್ನು ವಾಪಸ್ ಕಲಿಯುವುದು. ಅದಕ್ಕೆ ಯಾವ ವಿದೇಶಿ ಹಾಳೆಯೂ ಬೇಡ, ನಮ್ಮ ಮನೆಯ ಮಣೆ ಸಾಕು. ನಮ್ಮ ಫಿಸಿಯೋಗಳು ಇದನ್ನು ಕಲಿಸಬೇಕು ಅಂತ ನನ್ನ ಆಸೆ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲರಿಗೂ ಪೂರ್ತಿ ವಾಸಿಯಾಗುವುದಿಲ್ಲ. ನೆದರ್‌ಲ್ಯಾಂಡ್ಸ್ ಮತ್ತು ಆಸ್ಟ್ರೇಲಿಯಾದ 310 ಜನರನ್ನು ಐದರಿಂದ ಎಂಟು ವರ್ಷದ ನಂತರ ಕೇಳಿದಾಗ ಶೇ. 57 ಮಂದಿ ಅಂದುಕೊಂಡಷ್ಟು ಸುಧಾರಿಸಿಲ್ಲ ಅಂದರು. ತಡವಾಗಿ ಬಂದವರಿಗೆ, ಮೊದಲೇ ನೋವು ಜಾಸ್ತಿ ಇದ್ದವರಿಗೆ ಕಷ್ಟ ಹೆಚ್ಚು. ಹಾಗಾಗಿ ತಾನೇ ಹೋಗುತ್ತದೆ ಅಂತ ವರ್ಷಗಟ್ಟಲೆ ಕಾಯುವುದು ಒಳ್ಳೆಯದಲ್ಲ. ಬ್ಯಾಗಿನಲ್ಲಿದ್ದ ಹಾಳೆಯ ಆ ನಾಲ್ಕು ತಿಂಗಳು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಕೆಲವು ಸಲ ವ್ಯಾಯಾಮಕ್ಕೆ ಮೊದಲು ಡಾಕ್ಟರ ಹತ್ತಿರವೇ ಹೋಗಬೇಕು. ಮಂಡಿ ಊದಿಕೊಂಡಿದ್ದರೆ, ಬಿಸಿಯಾಗಿ ಕೆಂಪಾಗಿದ್ದರೆ, ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡು ನೇರವಾಗದಿದ್ದರೆ, ನಡೆಯುವಾಗ ಕುಸಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿದ್ದರೆ ತಡ ಮಾಡಬೇಡಿ. ಬೆಳೆಯುವ ಮಕ್ಕಳು ಮಂಡಿ ನೋವು ಅಂತ ಕುಂಟುತ್ತಿದ್ದರೆ ಸೊಂಟದ ಕೀಲನ್ನೂ ನೋಡಿಸಬೇಕು, ಸೊಂಟದ ತೊಂದರೆ ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳುವುದುಂಟು.

ಮಕ್ಕಳ ವಿಷಯ ಬಂದಿದ್ದಕ್ಕೆ ನನ್ನ ಅಕ್ಕನ ಮಗಳ ಬಗ್ಗೆ ಹೇಳುತ್ತೇನೆ. ಹದಿಮೂರು ವರ್ಷ, ಶಾಲೆಯ ಖೋಖೋ ತಂಡದಲ್ಲಿದ್ದಾಳೆ. ಖೋಖೋ ಅಂದರೆ ಗೊತ್ತಲ್ಲ, ಕುಕ್ಕರುಗಾಲಲ್ಲಿ ಕೂತಿರುವುದು, ಬೆನ್ನಿಗೆ ಏಟು ಬಿದ್ದ ತಕ್ಷಣ ಎದ್ದು ಓಡುವುದು, ಚಿಪ್ಪಿಗೆ ಇದಕ್ಕಿಂತ ಜೋರಾದ ಕೆಲಸ ಇನ್ನೊಂದಿಲ್ಲ. ಟೂರ್ನಮೆಂಟಿಗೆ ಮೊದಲು ದಿನಕ್ಕೆ ಎರಡು ಹೊತ್ತು ಪ್ರಾಕ್ಟೀಸ್ ಇಟ್ಟರು, ಎರಡೂ ಮಂಡಿ ನೋಯತೊಡಗಿತು. ಆಟ ಬಿಡಿಸಿ ಅಂತ ಒಬ್ಬರು, ಬೆಳೆಯುವ ವಯಸ್ಸಿನ ನೋವು, ಸುಮ್ನೆ ಇರಿ ಅಂತ ಇನ್ನೊಬ್ಬರು ಹೇಳಿದರು. ಡೆನ್ಮಾರ್ಕಿನಲ್ಲಿ 10ರಿಂದ 14 ವರ್ಷದ 151 ಮಕ್ಕಳಿಗೆ ಈ ಎರಡೂ ಅಲ್ಲದ ದಾರಿ ಹಿಡಿಸಿದ್ದರು. ಮೊದಲ ನಾಲ್ಕು ವಾರ ನೋವು ಕೆರಳಿಸುವ ಆಟಕ್ಕೆ ಬಿಡುವು, ಆಮೇಲೆ ಮನೆಯಲ್ಲೇ ವ್ಯಾಯಾಮ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೈದಾನಕ್ಕೆ ವಾಪಸ್. ಹನ್ನೆರಡು ವಾರಕ್ಕೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ಅಕ್ಕನಿಗೆ ಇದನ್ನು ವಿವರಿಸಿ, ಹತ್ತಿರದ ಒಬ್ಬ ಫಿಸಿಯೋ ಹತ್ತಿರ ಕಳಿಸಿದೆ. ಪಿ.ಟಿ. ಮೇಷ್ಟರನ್ನೂ ಕೂರಿಸಿ ಮಾತಾಡಿದ್ದಾಯಿತು, ಅವರು ಒಪ್ಪಿಕೊಂಡರು.

ಈಗ ಏಳನೇ ವಾರ. ನಿನ್ನೆ ರಾತ್ರಿ ಫೋನಿನಲ್ಲಿ ಸಿಕ್ಕಳು. "ಚಿಕ್ಕಮ್ಮ, ಇವತ್ತು ಅರ್ಧ ಆಟ ಆಡಿದೆ, ನೋವು ಎರಡು ಇತ್ತು" ಅಂದಳು. ಬೆಳಗ್ಗೆ ಎದ್ದ ತಕ್ಷಣ ಎಷ್ಟಿದೆ ನೋಡಿ ಹೇಳು ಅಂದೆ. ಆರೂವರೆಗೆ ಮೆಸೇಜ್ ಬಂದಿತ್ತು: ಸೊನ್ನೆ.